ಡೆನ್ಮಾರ್ಕಿನಲ್ಲಿ ನಾನು ಬಿಗಿಮಾಡಿದ ನಲ್ಲಿ

ಮಧುಗಿರಿ

ಫಾರಿನ್ನಿಗೆ ಹೋಗಿಬಂದವರು ಅರಮನೆ ನೋಡಿದೆವು, ಹಿಮ ನೋಡಿದೆವು ಎನ್ನುತ್ತಾರೆ. ನಾನು ಡೆನ್ಮಾರ್ಕಿನಲ್ಲಿ ಎರಡು ತಿಂಗಳು ಇದ್ದು ಬಂದವನು. ಅಲ್ಲಿ ಏನು ನೋಡಿದಿರಿ ಎಂದು ಯಾರಾದರೂ ಕೇಳಿದರೆ, ಹಂದಿಗಳು ನೀರು ಕುಡಿಯುವುದನ್ನು ನೋಡಿದೆ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಈಗ ನಾನೂ ನಗುತ್ತೇನೆ. ಆಗ ಮಾತ್ರ ನಗು ಬಂದಿರಲಿಲ್ಲ.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು, ಚಿತ್ತಯ್ಯ, ಮಧುಗಿರಿಯಲ್ಲಿ ದನದ ಡಾಕ್ಟರು. ಕೊರಟಗೆರೆ ಕಡೆ ಸಣ್ಣದೊಂದು ಹಂದಿ ಸಾಕಣೆ ಕೇಂದ್ರ ತೆರೆಯಬೇಕೆಂದು ಮೇಲಿನವರಿಗೆ ಮನಸ್ಸಾಗಿ, ಇಬ್ಬರನ್ನು ಡೆನ್ಮಾರ್ಕಿಗೆ ತರಬೇತಿಗೆ ಕಳಿಸುವ ಮಾತು ಬಂತು. ಹಸುವಿನ ತರಬೇತಿಯಾಗಿದ್ದರೆ ಬೆಂಗಳೂರಿನ ದೊಡ್ಡವರೇ ಹೋಗಿಬಿಡುತ್ತಿದ್ದರು. ಹಂದಿ ಎಂದ ಕೂಡಲೇ ಒಬ್ಬರಿಗೆ ಮಗಳ ಮದುವೆ ಬಂತು, ಇನ್ನೊಬ್ಬರಿಗೆ ಸೊಂಟನೋವು ಬಂತು. ಅದೃಷ್ಟ ಹೀಗೆ ಜಾರುತ್ತಾ ಜಾರುತ್ತಾ ನಮ್ಮ ಒಣ ತಾಲ್ಲೂಕುಗಳವರೆಗೆ ಬಂದು ನಿಂತಿತು.

ನನ್ನ ಜೊತೆಗೆ ಬಂದವನು ಪಾವಗಡದ ಡಾಕ್ಟರು ಅಂಜಿನಪ್ಪ. ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದವನು. ಊರು ಆಂಧ್ರದ ಗಡಿಯಲ್ಲಿದ್ದುದರಿಂದ ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಿದ್ದ. ಗಾಬರಿಯಾದರೆ ತೆಲುಗಿನಲ್ಲೇ ಶುರುಮಾಡುತ್ತಿದ್ದ.

ಹೇಳಿಬರಲು ಶಿರಾ ತಾಲ್ಲೂಕಿನ ತಾವರೆಕೆರೆ ಹತ್ತಿರದ ನಮ್ಮ ಗೊಲ್ಲರಹಟ್ಟಿಗೆ ಹೋದೆ. ಹಟ್ಟಿಯೊಳಕ್ಕೆ ಕೋಳಿಯನ್ನೂ ಬಿಡದ ಜನ ನಾವು. ಹಂದಿಯ ಸುದ್ದಿ ಕೇಳಿ ಅವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಕುರಿ ಕಾಯೋರ ಮಗ ಓದಿ ಡಾಕ್ಟ್ರಾದ ಅಂತ ಊರೆಲ್ಲ ಹೇಳ್ಕಂಡು ಬಂದೆ. ಈಗ ಹಂದಿ ಕಾಯಾಕೆ ಸಮುದ್ರ ದಾಟ್ತೀಯೇನ್ಲಾ?"

"ಕಾಯಾಕಲ್ಲ ಕಣವ್ವ, ಕಲಿಯಾಕೆ."

"ಹಂದಿತಾವ ಏನ್ಲಾ ಕಲಿಯಾದೈತೆ?"

ಅವತ್ತು ಉತ್ತರ ಹೇಳುತ್ತಾ ಕೂರುವಷ್ಟು ಬಿಡುವಿರಲಿಲ್ಲ. ಆಗ ತಾವರೆಕೆರೆ ಸುತ್ತಮುತ್ತ ದನಗಳಿಗೆ ಕಾಲುಬಾಯಿ ಜ್ವರ. ಬಾಯೆಲ್ಲ ಹುಣ್ಣಾಗಿ, ಗೊರಸು ಬಿಟ್ಟುಹೋಗಿ ದನಗಳು ಕುಂಟುತ್ತಿದ್ದವು. ಹೊರಡಲು ಹದಿನೈದು ದಿನ ಇರುವವರೆಗೂ ಅವುಗಳ ಬಾಯಿ ತೊಳೆದು, ಕಾಲಿಗೆ ಮದ್ದು ಹಚ್ಚಿದ್ದೆ. ಆಮೇಲೆ ಬಟ್ಟೆಯನ್ನೆಲ್ಲ ಕುದಿಸಿ, ಹಳೇ ಚಪ್ಪಲಿ ಬಿಸಾಡಿದೆ. ಔಷಧಿ ಒಯ್ಯುತ್ತಿದ್ದ ಚರ್ಮದ ಚೀಲ ಮಾತ್ರ ಒಳ್ಳೆಯದಿತ್ತು. ಹೆಂಡತಿ ಅದನ್ನು ಡೆಟಾಲಿನಲ್ಲಿ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಅದರ ತುಂಬ ರಾಗಿ ಹುರಿಹಿಟ್ಟು ತುಂಬಿಕೊಟ್ಟಳು.

ಕೋಪನ್‌ಹೇಗನ್

ನಾವು ಆ ದೇಶದಲ್ಲಿ ಇಳಿದ ಮೊದಲ ದಿನವೇ ನೀರಿನ ವಿಷಯದಲ್ಲಿ ಮಾನ ಕಳೆದುಕೊಂಡೆವು.

ನಮ್ಮನ್ನು ಇಳಿಸಿದ್ದ ಹಾಸ್ಟೆಲಿನ ಬಚ್ಚಲಿನಲ್ಲಿ ದೋಣಿಯಂಥ ಬಿಳಿ ತೊಟ್ಟಿಯೊಂದಿತ್ತು. ಅದರ ತುಂಬ ನೀರು ಬಿಟ್ಟು ಅದರೊಳಗೇ ಕೂರಬೇಕಂತೆ. ಅಂಜಿನಪ್ಪ ಅದನ್ನು ನೋಡಿ ಹೌಹಾರಿದ.

"ಏಮಪ್ಪಾ ಇದು! ನಮ್ಮೂರಾಗೆ ಇಷ್ಟು ನೀರಲ್ಲಿ ಒಂದು ಮದ್ವೆ ಮಾಡ್ತಾರೆ. ಕೂತ ನೀರಲ್ಲೇ ಮೈ ತೊಳ್ಕಳೋದು ಬೇರೆ. ಎಮ್ಮೆನಾ ನಾನು?"

ಆ ಪುಣ್ಯಾತ್ಮ ಪಾವಗಡದಿಂದ ಚೊಂಬು ತಂದಿದ್ದ. ಕಸದ ಬುಟ್ಟಿಯನ್ನು ತೊಳೆದು ಅದರಲ್ಲಿ ಅಳೆದಂತೆ ನೀರು ಹಿಡಿದು, ತೊಟ್ಟಿಯ ಹೊರಗೆ ಕುಕ್ಕರುಗಾಲಲ್ಲಿ ಕೂತು ಆರಾಮವಾಗಿ ಸ್ನಾನ ಮಾಡಿದ. ಆ ನೆಲದಲ್ಲಿ ನೀರು ಹೋಗಲು ಮೋರಿಯೇ ಇಲ್ಲ ಎನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ನೀರು ಹಲಗೆಗಳ ಸಂದಿಯಲ್ಲಿ ಇಳಿದು ಕೆಳಗಿನ ಕೋಣೆಯಲ್ಲಿ ಓದುತ್ತಾ ಮಲಗಿದ್ದ ಹೆಂಗಸಿನ ಮೇಲೆ ತೊಟ್ಟಿಕ್ಕಿತು. ಹಾಸ್ಟೆಲಿನ ಮ್ಯಾನೇಜರು ಬಂದು ನೆಲ ನೋಡಿದ, ಚೊಂಬು ನೋಡಿದ, ಕೊನೆಗೆ ಟವಲು ಸುತ್ತಿಕೊಂಡು ನಿಂತಿದ್ದ ಅಂಜಿನಪ್ಪನನ್ನು ನೋಡಿದ. ಬೈಯಲಿಲ್ಲ. ತೊಟ್ಟಿಯೊಳಕ್ಕೆ ತಾನೇ ಬಟ್ಟೆ ಸಮೇತ ಇಳಿದು ಕೂತು, ಹೀಗೆ ಎಂದು ತೋರಿಸಿಹೋದ.

ಆ ದೇಶದವರ ಸ್ವಭಾವವೇ ಹಾಗೆ. ದನಿ ಏರಿಸುವುದಿಲ್ಲ. ಹಗಲು ಹೊತ್ತಿನಲ್ಲೂ ಊಟದ ಮೇಜಿನ ಮೇಲೆ ಮೇಣದ ಬತ್ತಿ ಹಚ್ಚಿಟ್ಟು, ಮೆಲ್ಲಗೆ ಮಾತಾಡುತ್ತಾರೆ. ಊಟವಾದ ಮೇಲೆ ಒಬ್ಬೊಬ್ಬರೂ ಅಡುಗೆ ಮಾಡಿದಾಕೆಗೆ ಥ್ಯಾಂಕ್ಸ್ ಹೇಳಿಯೇ ಏಳುತ್ತಾರೆ. ಊರಿಗೆ ಬಂದ ಮೇಲೆ ನಾನೂ ಒಮ್ಮೆ ಹಾಗೆ ಹೇಳಿದೆ. ಸಾರಿಗೆ ಉಪ್ಪು ಹಾಕುವುದು ಮರೆತುಹೋಯಿತೇನೋ ಎಂದು ನನ್ನ ಹೆಂಡತಿ ಒಳಕ್ಕೆ ಹೋಗಿ ರುಚಿ ನೋಡಿದಳು.

ನೀಲ್ಸ್‌ನ ಹಂದಿಮನೆ

ಎರಡು ವಾರದ ಪಾಠ ಮುಗಿದ ಮೇಲೆ ನಮ್ಮಿಬ್ಬರನ್ನೂ ದೇಶದ ಪಡುವಣ ತುದಿಯ ಹಳ್ಳಿಗೆ, ನೀಲ್ಸ್ ಎಂಬ ರೈತನ ಮನೆಗೆ ಕಳಿಸಿದರು. ಗಾಳಿಯೇ ಗಾಳಿ ಬೀಸುವ ಬಯಲು ಅದು. ಒಂದು ಗುಡ್ಡವೂ ಇಲ್ಲ. ಬೆಳಗ್ಗೆ ಎದ್ದರೆ ಮಧುಗಿರಿ ಬೆಟ್ಟವನ್ನು ನೋಡಿ ದಿಕ್ಕು ತಿಳಿಯುತ್ತಿದ್ದ ನನಗೆ ಅಲ್ಲಿ ಮೊದಲೆರಡು ದಿನ ತೆಂಕಣ ಯಾವುದು, ಬಡಗಣ ಯಾವುದು ಎಂದೇ ತಿಳಿಯಲಿಲ್ಲ.

ನೀಲ್ಸ್‌ಗೆ ಐವತ್ತರ ಆಸುಪಾಸು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಕಾಲಿಗೆ ಮರದ ಪಾದರಕ್ಷೆ. ಹೆಂಡತಿ ಕಿರ್ಸ್ಟೆನ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮೇಡಂ. ಅವನ ಮಾತನ್ನು ಆಕೆ ಇಂಗ್ಲಿಷಿಗೆ ತಿರುಗಿಸಿ ನಮಗೆ ಹೇಳುತ್ತಿದ್ದರು. ನಾನು ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತೇನೆ. ನೀಲ್ಸ್ ಅಚ್ಚ ರೈತ, ಅವನ ಬಾಯಲ್ಲಿ ಪೇಟೆಯ ಕನ್ನಡ ಹಾಕಿದರೆ ಸುಳ್ಳು ಬರೆದ ಹಾಗಾಗುತ್ತದೆ. ಬಡವನಹಳ್ಳಿ ಸಂತೆಯಲ್ಲಿ ಸಿಗುವ ರೈತ ಹೇಗೆ ಮಾತಾಡುತ್ತಾನೋ ಹಾಗೇ ಅವನು ಮಾತಾಡಿದ ಎಂದು ಓದುಗರು ತಿಳಿಯಬೇಕು.

ನಾವು ಹೋದ ಮೊದಲ ಐದು ದಿನ ಅವನು ನಮ್ಮನ್ನು ಹಂದಿಮನೆಯ ಹತ್ತಿರಕ್ಕೂ ಬಿಡಲಿಲ್ಲ. ಆರನೆಯ ದಿನ ಬಿಟ್ಟ, ಅದೂ ಸ್ನಾನ ಮಾಡಿಸಿ. ಹಂದಿಮನೆಯ ಬಾಗಿಲಲ್ಲೇ ಒಂದು ಬಚ್ಚಲು. ಮೈಮೇಲಿನದೆಲ್ಲ ಬಿಚ್ಚಿ, ತಲೆಗೂ ನೀರು ಹಾಕಿಕೊಂಡು, ಆಚೆ ಬದಿಯಲ್ಲಿಟ್ಟಿದ್ದ ಅವರ ಬಟ್ಟೆ, ಅವರ ಬೂಟು ಹಾಕಿಕೊಂಡೇ ಒಳಗೆ ಹೋಗಬೇಕು. ನಮ್ಮಲ್ಲಿ ಹಂದಿ ಮುಟ್ಟಿದವರು ಸ್ನಾನ ಮಾಡುತ್ತಾರೆ. ಇಲ್ಲಿ ಹಂದಿಯನ್ನು ಮುಟ್ಟುವ ಮುಂಚೆ ಸ್ನಾನ. ನಮ್ಮ ಹಟ್ಟಿಯ ಮುಳ್ಳುಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುವುದು ನೆನಪಾಗಿ, ಮಡಿ ಎನ್ನುವುದು ಎಲ್ಲಿ ಬೇಕಾದರೂ ಹುಟ್ಟಬಹುದು ಎನ್ನಿಸಿತು.

ನೀಲ್ಸ್‌ನ ಭಯಕ್ಕೆ ಕಾರಣವಿತ್ತು. ಹಂದಿಮನೆಯ ಹಿಂದೆ ಉಳದೆ ಬಿಟ್ಟ ಒಂದು ತುಂಡು ನೆಲ ಇತ್ತು, ಬರೀ ಹುಲ್ಲು. ಅದನ್ನು ತೋರಿಸಿ ಹೇಳಿದ.

"ನಮ್ಮಪ್ಪನ ಕಾಲ್ದಾಗೆ ಕಾಲುಬಾಯಿ ಬಂತು ಡಾಕ್ಟ್ರೇ. ನಮ್ ದೇಶ್ದಾಗೆ ಅದು ಬಂದ್ರೆ ಮದ್ದಿಲ್ಲ. ಅದು ಬಂದ ಮನ್ಯಾಗೆ ರೋಗ ಬರದ ಹಂದೀನೂ ಸೇರಿಸಿ ಎಲ್ಲಾನೂ ಗುಂಡಾಕಿ ಹೂಳ್ತಾರೆ. ಒಂದೇ ದಿನ್ದಾಗೆ ಎಲ್ಲಾ ಹೋತು. ಅವತ್ತಿಂದ ನಮ್ಮಪ್ಪ ಮಾತಾಡೋದೇ ಬುಟ್ಬುಟ್ಟ."

ನಾನು ಸುಮ್ಮನೆ ತಲೆಯಾಡಿಸಿದೆ. ತಾವರೆಕೆರೆಯ ದನಗಳ ವಿಷಯ ಹೇಳಲಿಲ್ಲ. ಸರ್ಕಾರದ ಕಾಗದದಲ್ಲಿ ಕೇಳಿದ್ದಷ್ಟಕ್ಕೆ ನಿಜ ಬರೆದುಕೊಟ್ಟಿದ್ದೆ, ಅದು ಸಾಕು ಎಂದುಕೊಂಡೆ.

ನಾವು ಅಲ್ಲಿ ಕಲಿಯಲು ಹೋಗಿದ್ದ ವಿದ್ಯೆ ಬಾಗಿಲ ಪಕ್ಕದ ಗೋಡೆಯ ಮೇಲಿತ್ತು. ಅದೊಂದು ನೀರಿನ ಮೀಟರು. ನಮ್ಮಲ್ಲಿ ಮೀಟರು ಇರುವುದು ಬಿಲ್ಲಿಗೆ. ನೀಲ್ಸ್‌ಗೆ ಅದು ಹಂದಿಗಳ ನಾಡಿ. ಬೆಳಗ್ಗೆ ಏಳು ಗಂಟೆಗೆ ಸರಿಯಾಗಿ ಬಂದು, ಮುನ್ನೂರು ಹಂದಿಗಳು ಹಿಂದಿನ ದಿನ ಎಷ್ಟು ಲೀಟರು ಕುಡಿದವು ಎಂದು ಲೆಕ್ಕ ಹಾಕಿ, ಚೌಕುಳಿ ಹಾಳೆಯ ಮೇಲೆ ಒಂದು ಚುಕ್ಕಿ ಇಡುತ್ತಿದ್ದ. ನಿನ್ನೆಯ ಚುಕ್ಕಿಗೂ ಇವತ್ತಿನ ಚುಕ್ಕಿಗೂ ಗೆರೆ ಎಳೆಯುತ್ತಿದ್ದ. ಗೆರೆ ಎರಡು ಸಾವಿರದ ಆಸುಪಾಸಿನಲ್ಲಿ, ಒಳ್ಳೆಯ ಎತ್ತಿನ ನಡಿಗೆಯಂತೆ ಒಂದೇ ಸಮ ಹೋಗುತ್ತಿತ್ತು.

"ಹಂದಿ ಹೊಟ್ಟೆನೋವು ಅಂತ ಬಾಯ್ಬುಟ್ಟು ಹೇಳಾಕಿಲ್ಲ," ಎಂದ ನೀಲ್ಸ್. "ಕಾಯಿಲೆ ಬರೋ ಹಂದಿ ಮೊದ್ಲು ನೀರು ಬುಡ್ತದೆ, ಆಮ್ಯಾಕೆ ಮೇವು ಬುಡ್ತದೆ. ನಮ್ ಕಣ್ಣಿಗೆ ಜ್ವರ ಕಾಣೋದು ಅದಾದ್ ಮಾರ್ನೇ ದಿನ. ಚುಕ್ಕಿ ಕೆಳೀಕೆ ಬಿತ್ತೋ, ಅವತ್ತೇ ನಾನು ಡಾಕ್ಟ್ರಿಗೆ ಫೋನ್ ಮಾಡೋದು."

ನಾವಿಬ್ಬರು ಡಾಕ್ಟರುಗಳು ಮುಖ ಮುಖ ನೋಡಿಕೊಂಡೆವು. ಇದನ್ನು ನಮಗೆ ಯಾವ ಪುಸ್ತಕವೂ ಇಷ್ಟು ಸಲೀಸಾಗಿ ಹೇಳಿರಲಿಲ್ಲ.

ಶುಕ್ರವಾರ ಮತ್ತು ಶನಿವಾರ

ಮೂರನೆಯ ವಾರ ಕಿರ್ಸ್ಟೆನ್ ಅವರ ತಮ್ಮನ ಮದುವೆ ಬಂತು. ಗಂಡ ಹೆಂಡತಿ ಶುಕ್ರವಾರ ಮಧ್ಯಾಹ್ನ ಹೊರಟು ಭಾನುವಾರ ಸಂಜೆ ಬರುವವರು. ಮೇವು ಹಾಕುವುದು, ಮೀಟರು ಓದಿ ಚುಕ್ಕಿ ಇಡುವುದು ನಮ್ಮ ಪಾಲಿಗೆ ಬಂತು. ಮೂರು ವಾರದಲ್ಲಿ ಅಷ್ಟು ನಂಬಿಕೆ ಹುಟ್ಟಿತ್ತು. ನನಗೆ ಎದೆ ಉಬ್ಬಿತು.

ಕಾರು ಮರೆಯಾದ ಮೇಲೆ ಹಂದಿಮನೆಯಲ್ಲಿ ಒಬ್ಬನೇ ನಿಂತಿದ್ದೆ. ಅಲ್ಲಿ ತೊಟ್ಟಿಯಿಲ್ಲ. ಕಟ್ಟೆ ಕಟ್ಟಿ ಬೇರೆಮಾಡಿದ ಒಂದೊಂದು ಅಂಕಣಕ್ಕೂ ಗೋಡೆಯಿಂದ ಹೊರಚಾಚಿದ ಹಿತ್ತಾಳೆಯ ಮೊಲೆತೊಟ್ಟುಗಳು. ಹಂದಿ ಬಾಯಿಟ್ಟು ಅದುಮಿದರೆ ನೀರು ಬರುತ್ತದೆ. ಹಂದಿಯ ಬಾಯಿಗೆ ಹೋದದ್ದು ಅರ್ಧ, ಎರಡೂ ಕಡೆಯಿಂದ ಸುರಿದು ಮೋರಿಗೆ ಹೋದದ್ದು ಅರ್ಧ. ಎರಡು ವಾರದಿಂದ ಅದನ್ನು ನೋಡಿ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ನೀರನ್ನು ತುಪ್ಪದಂತೆ ಬಳಸಬೇಕು ಎಂದು ಹೇಳಿಸಿಕೊಂಡು ಬೆಳೆದವನು ನಾನು. ಮುಖ ತೊಳೆದ ನೀರನ್ನು ಮೆಣಸಿನ ಗಿಡದ ಬುಡದಲ್ಲೇ ಉಗಿಯಬೇಕಿತ್ತು. ಚೊಂಬು ಕೆಡವಿದರೆ ಬೆನ್ನಿಗೆ ಒಂದು ಬೀಳುತ್ತಿತ್ತು.

ಪೈಪು ಹಂದಿಮನೆಗೆ ಬರುವ ಜಾಗದಲ್ಲಿ ದೊಡ್ಡದೊಂದು ನಲ್ಲಿಯಿತ್ತು. ಅದನ್ನು ಒಂದು ಸುತ್ತು ಬಿಗಿಮಾಡಿದೆ. ಬಾಗಿಲ ಪಕ್ಕದ ತೊಟ್ಟನ್ನು ಒತ್ತಿ ನೋಡಿದೆ, ನೀರು ಚೆನ್ನಾಗಿಯೇ ಬಂತು, ಸುರಿಯುವುದು ಮಾತ್ರ ಕಡಿಮೆಯಾಗಿತ್ತು. ಅಂಜಿನಪ್ಪನಿಗೆ ಹೇಳಿದೆ.

"ಒಳ್ಳೆ ಕೆಲ್ಸ ಮಾಡ್ದೆ," ಎಂದ. "ಆ ನೀರು ಮೋರಿಗೆ ಹೋಗ್ತಿದ್ರೆ ನಂಗೂ ಪ್ರಾಣ ಹೋದಂಗಾಗ್ತಿತ್ತು."

ಶನಿವಾರ ಬೆಳಗ್ಗೆ ಮೀಟರು ಓದಿದರೆ ಸಾವಿರದ ಏಳುನೂರು. ಮುನ್ನೂರು ಲೀಟರು ಉಳಿತಾಯ! ಚುಕ್ಕಿಯನ್ನು ಕೆಳಗೆ ಇಟ್ಟು ಗೆರೆ ಎಳೆದೆ. ಉಳಿದದ್ದೆಲ್ಲ ಸುರಿದುಹೋಗುತ್ತಿದ್ದ ನೀರು, ಹಂದಿಗಳು ತಮಗೆ ಬೇಕಾದಷ್ಟು ಕುಡಿದಿವೆ ಎಂದೇ ನಂಬಿದ್ದೆ. ಖುಷಿಗೆ ಇನ್ನೊಂದು ಸುತ್ತು ಬಿಗಿಮಾಡಿದೆ. ನೀಲ್ಸ್ ಬಂದ ಮೇಲೆ ಬೆನ್ನು ತಟ್ಟುತ್ತಾನೆ ಎಂದು ಕಾದೆ.

ಭಾನುವಾರ

ಬೆಳಗ್ಗೆ ಚುಕ್ಕಿ ಸಾವಿರದ ಮುನ್ನೂರಕ್ಕೆ ಇಳಿಯಿತು. ಇಷ್ಟು ಇಳಿಯಬಾರದಿತ್ತಲ್ಲ ಎಂದು ಮೊದಲ ಸಲ ಅಳುಕಾಯಿತು. ಮೇವು ಹಾಕಲು ಹೋದರೆ, ಬಾಗಿಲ ಕಡೆಯ ಹಂದಿಗಳು ಎಂದಿನಂತೆ ನುಗ್ಗಿ ತಿಂದವು. ಆಚೆ ಕೊನೆಯ ಅಂಕಣಗಳಲ್ಲಿ ಮಾತ್ರ ಹಿಂದಿನ ದಿನದ ಮೇವು ಹಾಗೇ ಬಿದ್ದಿತ್ತು. ನಾಲ್ಕೈದು ಹಂದಿಗಳು ಹೊಟ್ಟೆ ಎಳೆದುಕೊಂಡು ಮೂಲೆಯಲ್ಲಿ ಮಲಗಿದ್ದವು. ನಲ್ಲಿ ನೀರು ಸುರಿಯದಂತೆ ಮಾಡಬಹುದು, ಮೇವು ಬಿಡಿಸುವುದು ಅದರ ಕೈಯಲ್ಲಿಲ್ಲ ಎಂದು ನನ್ನ ಬುದ್ಧಿ ಹೇಳಿತು. ಮೇವು ಬಿಟ್ಟರೆ ಅದು ಕಾಯಿಲೆಯೇ.

ಎಂಥ ಕಾಯಿಲೆ? ಆಗ ನನ್ನ ಚರ್ಮದ ಚೀಲ ನೆನಪಾಯಿತು. ಡೆಟಾಲಿನಲ್ಲಿ ತೊಳೆದದ್ದು ನಿಜ. ಹೊಲಿಗೆಯ ಸಂದಿ ತೊಳೆದಿತ್ತೇ? ತಾವರೆಕೆರೆಯ ದನಗಳ ಜೊಲ್ಲು ಅದರಲ್ಲಿ ಒಣಗಿ ಸಮುದ್ರ ದಾಟಿ ಬಂತೇ? ಆ ಹೆದರಿಕೆಯಲ್ಲಿ ನಲ್ಲಿ ನನ್ನ ತಲೆಯಿಂದಲೇ ಹಾರಿಹೋಯಿತು. ಅಂಜಿನಪ್ಪ ನನ್ನ ಮುಖ ನೋಡಿಯೇ, "ಏಮೈಂದಿ?" ಎಂದ. ಹೇಳಿದೆ. ಅವನು ಹುರಿಹಿಟ್ಟಿನ ಬಟ್ಟಲನ್ನು ಕೆಳಗಿಟ್ಟ.

ಸಂಜೆ ನೀಲ್ಸ್ ಮದುವೆಯ ಕೋಟಿನಲ್ಲೇ ಬಂದು, ಸ್ನಾನ ಮಾಡಿ ಬಟ್ಟೆ ಬದಲಿಸಿ ನೇರ ಹಾಳೆಯ ಮುಂದೆ ನಿಂತ. ಇಳಿದ ಗೆರೆಯ ಮೇಲೆ ಬೆರಳಿಟ್ಟ. ಬೆರಳು ಅಲ್ಲೇ ನಿಂತಿತು.

"ಮೇವು?" ಎಂದ.

"ಆ ಕಡೆಯವು ಬಿಟ್ಟಿವೆ."

ಬಾಗಿಲ ಪಕ್ಕದ ತೊಟ್ಟನ್ನು ಒತ್ತಿ ನೋಡಿದ. ನೀರು ಬಂತು. ನೀರು ಇದೆ, ಹಂದಿ ಕುಡಿಯುತ್ತಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಹೋಗಿ ಡಾಕ್ಟರಿಗೆ ಫೋನ್ ಮಾಡಿದ. ಆಮೇಲೆ ರಸ್ತೆಗೆ ಹೋಗಿ ಗೇಟಿಗೆ ಸರಪಳಿ ಹಾಕಿ, ಯಾರೂ ಬರಬೇಡಿ ಎಂದು ಹಲಗೆ ನೇತುಹಾಕಿ ಬಂದ. ಊಟದ ಮೇಜಿನ ಮೇಲೆ ಅವತ್ತು ಮೇಣದ ಬತ್ತಿ ಹಚ್ಚಲಿಲ್ಲ.

ಸೋಮವಾರ

ಎಂಟು ಗಂಟೆಗೆ ಊರಿನ ಪಶುವೈದ್ಯರು ಬಂದರು. ಬಿಳಿ ಹುಬ್ಬಿನ ಮುದುಕರು. ಸ್ನಾನ ಮಾಡಿ ಒಳಗೆ ಬಂದು, ನಮ್ಮಿಬ್ಬರ ಕಡೆ ನೋಡಿ ಕಿರ್ಸ್ಟೆನ್ ಮೂಲಕ ಮೊದಲು ಕೇಳಿದ್ದೇ ಅದು: "ಭಾರತದಲ್ಲಿ ಕಾಲುಬಾಯಿ ಜ್ವರ ಇದೆಯಲ್ಲವೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳುವುದಕ್ಕಿಂತ ಹೇಳಿಬಿಡುವುದೇ ಮೇಲೆಂದು, ದನಗಳ ಬಾಯಿ ತೊಳೆದದ್ದು, ಚೀಲ ತಂದದ್ದು ಎಲ್ಲ ಹೇಳಿದೆ. ನೀಲ್ಸ್ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಡಾಕ್ಟರು ಹಂದಿಗಳ ಬಾಯಿ ನೋಡಿದರು, ಗೊರಸು ನೋಡಿದರು, ಜ್ವರ ನೋಡಿದರು. ಬಾಯಲ್ಲಿ ಗುಳ್ಳೆಯಿಲ್ಲ, ಮೈ ಬಿಸಿಯಿಲ್ಲ. ಆದರೂ ಇಷ್ಟಕ್ಕೆ ಕಾಯಿಲೆಯಿಲ್ಲ ಎಂದು ಹೇಳಲಾಗದು ಎಂದರು. ರಕ್ತ ತೆಗೆದು ಕಳಿಸಬೇಕು, ಹತ್ತು ಗಂಟೆಗೆ ಸರ್ಕಾರಕ್ಕೆ ಫೋನ್ ಮಾಡಬೇಕು. ಫೋನ್ ಮಾಡಿದ ಮೇಲೆ ವಿಷಯ ತಮ್ಮ ಕೈಯಲ್ಲೂ ಇರುವುದಿಲ್ಲ, ನೀಲ್ಸ್‌ನ ಕೈಯಲ್ಲೂ ಇರುವುದಿಲ್ಲ. ಅಕ್ಕಪಕ್ಕದ ಮೂರು ಮನೆಗಳ ಹಂದಿಗಳೂ ಲೆಕ್ಕಕ್ಕೆ ಬರುತ್ತವೆ. ಇಷ್ಟು ಹೇಳಿ ಅವರು ರಕ್ತದ ಸೀಸೆ ತರಲು ಹೊರಗೆ ಹೋದರು. ನೀಲ್ಸ್ ಹಿಂಬಾಗಿಲಲ್ಲಿ ನಿಂತು ಆ ಉಳದ ನೆಲವನ್ನೇ ನೋಡುತ್ತಿದ್ದ.

ನಾನು ಕೊನೆಯ ಅಂಕಣದ ಮುಂದೆ ನಿಂತಿದ್ದೆ. ಸಾಯಲಿರುವವನ್ನು ಕಣ್ತುಂಬ ನೋಡೋಣ ಎನ್ನುವಂಥ ಮನಸ್ಸು. ತೊಟ್ಟಿನ ಹತ್ತಿರ ಐದಾರು ಹಂದಿಗಳು ಗುಂಪಾಗಿದ್ದವು. ಒಂದು ಬಾಯಿಟ್ಟು ಹೀರುತ್ತಿತ್ತು. ಇನ್ನೊಂದು ಅದನ್ನು ಭುಜದಿಂದ ತಳ್ಳಿತು. ಮೂರನೆಯದು ಎರಡನೆಯದರ ಕಿವಿ ಕಚ್ಚಿತು. ತೊಟ್ಟು ಹಿಡಿದಿದ್ದು ಮಾತ್ರ ಕಣ್ಣು ಮುಚ್ಚಿ, ಏನಾದರೂ ಆಗಲಿ ಬಿಡುವುದಿಲ್ಲ ಎಂದು ಹೀರುತ್ತಲೇ ಇತ್ತು.

ಈ ಜಗಳವನ್ನು ನಾನು ಎಲ್ಲಿ ನೋಡಿದ್ದೇನೆ? ಮಧುಗಿರಿಯ ನಮ್ಮ ಬೀದಿಯಲ್ಲಿ, ಬೇಸಿಗೆಯಲ್ಲಿ, ದಿನಾ. ನಲ್ಲಿಯಲ್ಲಿ ನೂಲಿನೆಳೆಯಂತೆ ನೀರು ಬರುವಾಗ ಕೊಡಗಳು ಹೀಗೇ ಕೊಡಗಳನ್ನು ತಳ್ಳುತ್ತವೆ. ನೀರು ಬೇಡವಾದವರು ನಲ್ಲಿಯ ಹತ್ತಿರ ಜಗಳಕ್ಕೆ ಬರುವುದಿಲ್ಲ. ಕಾಯಿಲೆ ಬಿದ್ದ ಪ್ರಾಣಿ ನೀರಿನಿಂದ ದೂರ ಹೋಗಿ ಮಲಗುತ್ತದೆ. ಇವು ನೀರು ಬಿಟ್ಟಿಲ್ಲ, ಇವಕ್ಕೆ ನೀರು ಸಿಕ್ಕಿಲ್ಲ!

ಕಟ್ಟೆ ಹಾರಿ ಒಳಗೆ ಇಳಿದು ಆ ತೊಟ್ಟನ್ನು ಒತ್ತಿದೆ. ಹನಿ, ಹನಿ, ಒಂದು ಎಳೆ. ಅಷ್ಟೇ. ನಾನು ಬಿಗಿಮಾಡಿದ ನಲ್ಲಿ ಬಾಗಿಲ ಕಡೆಯವರಿಗೆ ಕೊಟ್ಟು, ಕೊನೆಯವರ ಬಾಯಿ ಒಣಗಿಸಿತ್ತು. ಬಾಯಿ ಒಣಗಿದವು ಹಿಟ್ಟು ನುಂಗುವುದಾದರೂ ಹೇಗೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕಾಯಿಲೆ ಇದ್ದದ್ದು ನಲ್ಲಿಯಲ್ಲಿ, ನಾವು ನೋಡಿದ್ದು ಹಂದಿಯ ಬಾಯಿ. ಐದು ವರ್ಷ ಓದಿ ಡಾಕ್ಟರಾಗಿದ್ದಕ್ಕೆ ನನ್ನ ತಲೆಗೇ ಹೊಡೆದುಕೊಳ್ಳಬೇಕು ಎನ್ನಿಸಿತು.

ಓಡಿಬಂದು ಅಂಜಿನಪ್ಪನಿಗೆ ಹೇಳಿದೆ. ಅವನು ನನ್ನ ತೋಳು ಹಿಡಿದ.

"ವದ್ದು, ಚಿತ್ತಯ್ಯ, ಬ್ಯಾಡ, ಬಾಯ್ಬಿಡಬ್ಯಾಡ. ಸುಮ್ನೆ ಹೋಗಿ ನಲ್ಲಿ ಬಿಟ್ಬುಡು. ನಾಳೆಗೆಲ್ಲ ಸರಿ ಹೋಗ್ತೈತೆ. ಹೇಳಿದ್ರೆ ಇವತ್ತೇ ವಿಮಾನ ಹತ್ತಿಸ್ತಾರೆ, ಊರಾಗೆ ಕೆಲ್ಸಾನೂ ಇರಲ್ಲ."

"ಹತ್ತು ಗಂಟೆಗೆ ಫೋನ್ ಮಾಡ್ತಾರಲ್ಲೋ."

"ಮಾಡ್ಲಿ. ರಕ್ತದಾಗೆ ಏನೂ ಇಲ್ಲ ಅಂತ ಬರ್ತೈತೆ."

"ಅದು ಬರೋಗಂಟ ಆ ಮನುಷ್ಯ?"

ಹಿಂಬಾಗಿಲಲ್ಲಿ ನೀಲ್ಸ್ ಇನ್ನೂ ಹಾಗೇ ನಿಂತಿದ್ದ. ಅಷ್ಟು ಎತ್ತರದ ಮನುಷ್ಯ ಕುಗ್ಗಿ ನನ್ನಷ್ಟೇ ಆಗಿದ್ದ. ಅಂಜಿನಪ್ಪನೂ ಆ ಕಡೆ ನೋಡಿದ. ನನ್ನ ತೋಳು ಬಿಟ್ಟ.

ಡಾಕ್ಟರು ಸೀಸೆಗಳೊಂದಿಗೆ ಒಳಗೆ ಬಂದರು. ಕಿರ್ಸ್ಟೆನ್ ಅವರನ್ನು ಕರೆದು, ಎಲ್ಲರ ಮುಂದೆ ಹೇಳಿದೆ. ನೀರು ಸುರಿಯುವುದನ್ನು ನೋಡಲಾಗದೆ ಶುಕ್ರವಾರ ಒಂದು ಸುತ್ತು, ಶನಿವಾರ ಇನ್ನೊಂದು ಸುತ್ತು ನಲ್ಲಿ ಬಿಗಿಮಾಡಿದೆ, ಕೊನೆಯ ಅಂಕಣಗಳಿಗೆ ನೀರು ಹೋಗುತ್ತಿಲ್ಲ ಎಂದೆ. ನನ್ನ ಇಂಗ್ಲಿಷ್ ನಡುಗುತ್ತಿತ್ತು. ಮುಗಿಸುವ ಮುಂಚೆ ಹಿಂದಿನಿಂದ ಅಂಜಿನಪ್ಪನ ದನಿ ಬಂತು.

"ಅವನೊಬ್ಬನೇ ಅಲ್ಲ ಮೇಡಂ. ಇಬ್ಬರೂ ಸೇರಿ ಮಾಡಿದ್ದು."

ನಲ್ಲಿಯನ್ನು ಮುಟ್ಟಿಯೂ ನೋಡದವನು ಅವನು. ಅವತ್ತಿನಿಂದ ಅವನು ನನಗೆ ಅಣ್ಣ.

ಕಿರ್ಸ್ಟೆನ್ ಡೇನಿಷಿನಲ್ಲಿ ಹೇಳಿದರು. ಡಾಕ್ಟರು ಒಂದು ಜಗ್ಗು ತೆಗೆದುಕೊಂಡು, ಕೈಗಡಿಯಾರ ನೋಡುತ್ತಾ ಕೊನೆಯ ತೊಟ್ಟಿನ ಕೆಳಗೆ ಒಂದು ನಿಮಿಷ ಹಿಡಿದರು. ಜಗ್ಗಿನ ತಳವಷ್ಟೇ ನೆನೆದಿತ್ತು. ಅದನ್ನು ನೀಲ್ಸ್‌ನ ಮೂಗಿನ ಕೆಳಗೆ ಹಿಡಿದರು.

ನೀಲ್ಸ್ ಜಗ್ಗನ್ನು ನೋಡಿದ, ನನ್ನನ್ನು ನೋಡಿದ. ಈಗ ಹೊಡೆಯುತ್ತಾನೆ ಎಂದು ನಾನು ಕಣ್ಣು ಮುಚ್ಚಿದೆ. ಅವನು ಅಲ್ಲೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಧೊಪ್ಪನೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಕುಣಿಯುತ್ತಿತ್ತು. ನಗುವೋ ಅಳುವೋ ಮೊದಲು ತಿಳಿಯಲಿಲ್ಲ, ಆಮೇಲೆ ನೋಡಿದರೆ ಎರಡೂ.

"ಬಾಯಾರಿಕೆ!" ಎಂದ. "ಬರೀ ಬಾಯಾರಿಕೆ ಕಣೇ ಕಿರ್ಸ್ಟೆನ್! ಕಾಯಿಲೆ ಅಲ್ಲ, ಏನೂ ಅಲ್ಲ, ಬಾಯಾರಿಕೆ!"

ಎದ್ದುಬಂದು ನನ್ನನ್ನು ತಬ್ಬಿಕೊಂಡ. ನನ್ನ ಕಾಲು ನೆಲ ಬಿಟ್ಟಿತು. ನನ್ನ ಬದುಕಿನಲ್ಲಿ ನಾನು ಒಪ್ಪಿಕೊಂಡ ತಪ್ಪುಗಳಲ್ಲಿ ಇನ್ನೊಬ್ಬರಿಗೆ ಇಷ್ಟು ಸಂತೋಷ ಕೊಟ್ಟ ತಪ್ಪು ಬೇರೆ ಇಲ್ಲ. ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು, ನಾನೂ ಅತ್ತುಬಿಟ್ಟೆ. ಅಂಜಿನಪ್ಪ ಪಾವಗಡದ ಶನಿದೇವರಿಗೆ ಎಳ್ಳೆಣ್ಣೆಯ ದೀಪ ಹರಸಿಕೊಂಡ.

ಡಾಕ್ಟರು ಸೀಸೆಗಳನ್ನು ಎತ್ತಿಟ್ಟು, ನಾಳೆ ಬೆಳಗ್ಗೆಯ ಚುಕ್ಕಿ ಮೇಲೇರದಿದ್ದರೆ ಮಾತ್ರ ಸರ್ಕಾರಕ್ಕೆ ಫೋನ್ ಎಂದರು. ನಲ್ಲಿಯನ್ನು ಪೂರ್ತಿ ತಿರುಗಿಸಲು ಓಡಿದ ನನ್ನನ್ನು ಅವರು ತಡೆದರು. ಬಾಯಾರಿದ ಹಂದಿ ಒಮ್ಮೆಲೇ ಹೊಟ್ಟೆ ತುಂಬ ಕುಡಿದರೆ ಮಿದುಳಿಗೆ ನೀರೇರಿ ಸಾಯಬಹುದಂತೆ. ಕಾಲು ಸುತ್ತು ಬಿಟ್ಟು ಕಾಯಬೇಕು, ಮತ್ತೆ ಕಾಲು ಸುತ್ತು ಬಿಡಬೇಕು. ಅವತ್ತಿಡೀ ಹಗಲು ನೀಲ್ಸ್ ಮತ್ತು ನಾನು ಆ ನಲ್ಲಿಯ ಹತ್ತಿರ ಕೂತಿದ್ದೆವು. ಕಿರ್ಸ್ಟೆನ್ ಕಾಫಿ ತಂದುಕೊಟ್ಟರು. ಆದರೆ ನಗದೆ ಹೇಳಿದರು: "ರೋಗವಲ್ಲ, ಸರಿ. ಮೂರು ದಿನ ಆ ಪ್ರಾಣಿಗಳು ಬಾಯಾರಿದ್ದವು. ಅದನ್ನು ನೀವು ಮರೆಯಬಾರದು."

ಮರೆತಿಲ್ಲ. ಬಾಯಾರಿದ ಕುರಿ ಕಂಡರೆ ಹೆಗಲ ಮೇಲಿನ ಸೋರೆಬುರುಡೆಯ ನೀರನ್ನು ಅಂಗೈಗೆ ಸುರಿದು ಕುಡಿಸುವ ಜನ ನಮ್ಮವರು. ಅವರ ಮಗನಾದ ನಾನು ನೀರು ಹರಿದುಹೋಗುವ ದೇಶಕ್ಕೆ ಹೋಗಿ ಮೂಕಪ್ರಾಣಿಗಳ ಬಾಯಿ ಒಣಗಿಸಿದೆ. ಸಮಾಧಾನದ ನಡುವೆಯೂ ಆ ನಾಚಿಕೆ ಉಳಿಯಿತು, ಉಳಿಯಬೇಕಾದ್ದೇ.

"ನಿಮ್ಮೂರಾಗೆ ನೀರಿಗೆ ಅಷ್ಟು ಕಷ್ಟವಾ?" ಎಂದು ನೀಲ್ಸ್ ಕೇಳಿದ.

ಹೇಳಿದೆ. ಊರಿಗೊಂದು ಬಾವಿ, ಮನೆಗೆರಡು ಕೊಡ, ಮೆಣಸಿನ ಗಿಡದ ಬುಡ. ಅವನು ಕೇಳಿಸಿಕೊಂಡು ನಲ್ಲಿಯನ್ನು ಇನ್ನು ಕಾಲು ಸುತ್ತು ಬಿಟ್ಟ.

ಮಂಗಳವಾರ

ಬೆಳಗ್ಗೆ ಏಳು ಗಂಟೆಗೆ ಸ್ನಾನ ಮಾಡಿ ಒಳಗೆ ಹೋದರೆ ನೀಲ್ಸ್ ಮೀಟರಿಗೆ ಬೆನ್ನು ಹಾಕಿ ನಿಂತಿದ್ದ. ಅದನ್ನು ನೋಡುವ ಧೈರ್ಯ ಅವನಿಗಿನ್ನೂ ಬಂದಿರಲಿಲ್ಲ. ನನಗೂ ಇರಲಿಲ್ಲ. ಹಿಂಭಾಗದಿಂದ ಹಂದಿಗಳು ಮೇವಿಗೆ ಕೂಗುವುದು ಕೇಳುತ್ತಿತ್ತು, ಕೊನೆಯ ಅಂಕಣದವೂ ಕೂಗುತ್ತಿದ್ದವು.

"ನೀನೇ ಓದು," ಎಂದ.

ನಾನು ಕನ್ನಡಕ ಒರೆಸಿಕೊಂಡು ಮೀಟರಿಗೆ ಮುಖವಿಟ್ಟೆ. ನಿನ್ನೆಯದನ್ನು ಕಳೆದೆ. ತಪ್ಪಾಗಿರಬಹುದೆಂದು ಮತ್ತೊಮ್ಮೆ ಕಳೆದೆ. ನೀರು ಖರ್ಚಾಗಿದ್ದನ್ನು ಕಂಡು ನನಗೆ ಖುಷಿಯಾದದ್ದು ಜನ್ಮದಲ್ಲಿ ಅದೇ ಮೊದಲು.

"ಎರಡು ಸಾವಿರದ ನೂರ ನಲವತ್ತು," ಎಂದೆ.

ನೀಲ್ಸ್ ಇನ್ನೂ ತಿರುಗಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿದ.

"ಇನ್ನೊಂದ್ಸಲ ಹೇಳು," ಎಂದ.

ಹೇಳಿದೆ.